ಲ್ಯಾಟಿನ್ ತಿಳಿಯದೇ ಹೋದ ಭಾನುವಾರ

ಕಳೆದ ಶನಿವಾರ ನನ್ನ ಮೊಮ್ಮಗಳು ಸಾನ್ವಿಯ ಹುಟ್ಟುಹಬ್ಬ. ಮಗ, ಸೊಸೆ ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಎಂಬ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ. ನಾನೂ ನಮ್ಮ ಯಜಮಾನರೂ ಅದರ ಹತ್ತಿರದ ದಿ ಪಾಂಡ್ಸ್‌ನಲ್ಲಿದ್ದೇವೆ. ಕರೆದರೆ ಬರುವಷ್ಟು ಹತ್ತಿರ, ಕೂಗಾಡಿದರೆ ಕೇಳದಷ್ಟು ದೂರ; ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಹುಡುಗಿ ಕೇಕಿನ ಮೇಲಿದ್ದ ಮೇಣದ ಬತ್ತಿಗಳನ್ನು ಉಫ್ ಎಂದು ಊದಿದಳು. ಮಕ್ಕಳು ಕಿರುಚಿದರು. ದೀಪವನ್ನು ಆರಿಸಬಾರದು, 'ಶಾಂತ ಮಾಡಬೇಕು' ಎಂದು ಕಲಿತು ಬೆಳೆದ ಯಜಮಾನರು ಪ್ರತಿವರ್ಷದಂತೆ ಮುಖ ಹಿಂಡಿಕೊಂಡರು. ನನ್ನ ಮೂಗಿಗೆ ಆರಿದ ಬತ್ತಿಯ ಹೊಗೆ ಬಂತು.

ನೀವೂ ಗಮನಿಸಿರುತ್ತೀರಿ, ಉರಿಯುತ್ತಿರುವ ಮೇಣಕ್ಕೆ ಅಂಥ ವಾಸನೆ ಇರುವುದಿಲ್ಲ. ಆರಿದ ಮೇಲೆಯೇ ಅದು ತಾನಿದ್ದೆ ಎಂದು ಹೇಳುವುದು. ಆ ಒಂದು ಗುಟುಕು ಹೊಗೆ ನನ್ನನ್ನು ಸಿಡ್ನಿಯಿಂದ ಎತ್ತಿಕೊಂಡು ಹೋಗಿ, ಮೆಲ್ಬರ್ನಿನ ಉತ್ತರದ ತುದಿಯಲ್ಲಿರುವ ಕ್ರೇಗಿಬರ್ನಿನ ಒಂದು ಚರ್ಚಿನ ಬೆಂಚಿನ ಮೇಲೆ ಕೂರಿಸಿಬಿಟ್ಟಿತು. ಪಕ್ಕದಲ್ಲಿ ಐರಿನ್ ಟೀಚರ್ ಕೂತಿದ್ದಾರೆ. ಎಲ್ಲರೂ ಎದ್ದಾಗ ನಾನು ಏಳುತ್ತೇನೆ, ಎಲ್ಲರೂ ಮೊಣಕಾಲೂರಿದಾಗ ನಾನು ಕೂರಲೋ ನಿಲ್ಲಲೋ ತಿಳಿಯದೆ ಬೆಂಚಿಗೂ ನೆಲಕ್ಕೂ ನಡುವೆ ಎಲ್ಲೋ ಬಗ್ಗಿಕೊಂಡಿದ್ದೇನೆ. ಆ ಭಂಗಿಯಲ್ಲಿ ಶುರುವಾದ ಗೊಂದಲ ಇನ್ನೂ ಪೂರ್ತಿ ನೆಟ್ಟಗಾಗಿಲ್ಲ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮಗೇನಾದರೂ ತಿಳಿದರೆ ಒಳ್ಳೆಯದು.

ನಾನು ಹಲ್ಲಿನ ಡಾಕ್ಟರಾಗಿದ್ದೆ. ಮೈಸೂರಿನಲ್ಲಿ ಓದಿ, ಅಲ್ಲಿಯೇ ಕೆಲವು ವರ್ಷ ದುಡಿದು, ಆಮೇಲೆ ಮೆಲ್ಬರ್ನಿಗೆ ಬಂದು ಕ್ರೇಗಿಬರ್ನಿನ ಒಂದು ಕ್ಲಿನಿಕ್ಕಿನಲ್ಲಿ ನಿವೃತ್ತಿಯವರೆಗೂ ಜನರ ಬಾಯಿ ನೋಡಿದೆ. ಒಂದು ಜೀವಮಾನವಿಡೀ ಬಾಯಿಯೊಳಗೇ ಇದ್ದರೂ ನಾಲಿಗೆಯ ಬಗ್ಗೆ ನಾನು ಯೋಚಿಸಿದವಳೇ ಅಲ್ಲ. ನಮ್ಮ ಕಸುಬಿನಲ್ಲಿ ನಾಲಿಗೆಯೆಂದರೆ ಕನ್ನಡಿಯಿಂದ ಪಕ್ಕಕ್ಕೆ ಸರಿಸಬೇಕಾದ ಒಂದು ಅಡಚಣೆ, ಅಷ್ಟೇ. ಅದಕ್ಕೂ ಒಂದು ಚರಿತ್ರೆ ಇದೆ ಎಂದು ನನಗೆ ಹೇಳಿದವರು ಐರಿನ್ ಟೀಚರ್.

ಅವರು ಮಂಗಳೂರಿನ ಕಡೆಯ ಕೊಂಕಣಿ ಮಾತಿನ ಕ್ಯಾಥೊಲಿಕರು. ಅಲ್ಲಿನ ಒಂದು ಕಾಲೇಜಿನಲ್ಲಿ ಫ್ರೆಂಚ್ ಕಲಿಸಿ, ನಿವೃತ್ತರಾಗಿ, ಗಂಡ ಲಾರೆನ್ಸ್ ಅವರ ಜೊತೆ ಕ್ರೇಗಿಬರ್ನಿನಲ್ಲಿದ್ದ ಮಗಳು ವಿನಿತಾಳ ಮನೆಗೆ ಬಂದಿದ್ದರು. ವಿನಿತಾ ನರ್ಸು. ಅವಳ ಮಗಳು ಅಲೀಶಾಗೆ ಆಗ ಹನ್ನೆರಡೋ ಹದಿಮೂರೋ. ಟೀಚರ್ ನನ್ನ ಕ್ಲಿನಿಕ್ಕಿಗೆ ಮೊದಲ ಸಲ ಬಂದದ್ದು ಮೇಲಿನ ಹಲ್ಲುಸೆಟ್ಟು ಸಡಿಲವಾಗಿದೆ ಎಂದು. ನಾನು ಕನ್ನಡದವಳೆಂದು ತಿಳಿದ ಕೂಡಲೇ ಅವರು ಕುರ್ಚಿಯಲ್ಲಿ ಅರ್ಧ ಎದ್ದು ಕೂತು, "ಡಾಕ್ಟ್ರೇ, ನನ್ನ ಫ್ರೆಂಚ್ ಹೋಯ್ತು ಮಾರಾಯ್ರೇ!" ಎಂದರು.

"ಎಲ್ಲಿಗೆ ಹೋಯ್ತು?" ಎಂದೆ, ಗಾಬರಿಯಲ್ಲಿ.

"'ಸ' ಹೇಳ್ಲಿಕ್ಕೆ ಹೋದ್ರೆ ಸೀಟಿ ಹೊಡೀತದೆ. ಹೀಗೇ ಬಿಟ್ರೆ ನಾನು ಬೇರೆ ಭಾಷೆ ಮಾತಾಡ್ಲಿಕ್ಕೆ ಶುರು ಮಾಡ್ತೇನೆ. ಭಾಷೆಗಳೆಲ್ಲ ಹೀಗೇ ಹುಟ್ಟಿದ್ದು, ಗೊತ್ತುಂಟಾ?"

ಗೊತ್ತಿರಲಿಲ್ಲ. ಹಲ್ಲುಸೆಟ್ಟನ್ನು ತಿದ್ದುತ್ತಾ ಕೇಳಿಸಿಕೊಂಡೆ. ರೋಮಿನವರು ನೂರಕ್ಕೆ 'ಕೆಂತುಂ' ಎನ್ನುತ್ತಿದ್ದರಂತೆ. ಆ 'ಕ' ಜನರ ಬಾಯಲ್ಲಿ ಸವೆದು ಸವೆದು 'ಸ' ಆಯಿತಂತೆ. ಬಾಲ ಉದುರಿ ಈಗ ಫ್ರೆಂಚರು ಬರೀ 'ಸಾಂ' ಎಂದು ಮೂಗಿನಲ್ಲಿ ಮುಗಿಸುತ್ತಾರಂತೆ. ನೀರಿಗೆ 'ಅಕ್ವಾ' ಎನ್ನುತ್ತಿದ್ದದ್ದು ಈಗ ಬರೀ 'ಓ'. ಆಗಸ್ಟ್ ತಿಂಗಳಿಗೆ ತನ್ನ ಹೆಸರು ಕೊಟ್ಟ ಅಷ್ಟು ದೊಡ್ಡ ಚಕ್ರವರ್ತಿ ಅವರ ಬಾಯಿಗೆ ಸಿಕ್ಕಿ 'ಊತ್' ಆಗಿ ಕೂತಿದ್ದಾನೆ. "ಹಾಗಾದ್ರೆ ಫ್ರೆಂಚರಿಗೆಲ್ಲ ಹಲ್ಲುಸೆಟ್ಟಿತ್ತಾ?" ಎಂದು ಕೇಳಿದೆ. ಟೀಚರ್ ಬಾಯ್ತುಂಬ ನಕ್ಕರು. ಬಾಯಲ್ಲಿ ಆಗ ಮೇಲಿನ ಹಲ್ಲಿರಲಿಲ್ಲವಾದ್ದರಿಂದ ಆ ನಗು ಮಗುವಿನ ನಗುವಿನ ಹಾಗಿತ್ತು. ಅಲ್ಲಿಂದ ನಮಗೆ ಸ್ನೇಹ.

ಮಧ್ಯಾಹ್ನಗಳಲ್ಲಿ ಅವರು ನಮ್ಮ ಮನೆಗೆ ನಡೆದು ಬರುತ್ತಿದ್ದರು. ನಾನು ಮೈಸೂರಿನ ಅವಸರದ ಕನ್ನಡದಲ್ಲಿ 'ಹೋಗ್ತೀನಿ ಬರ್ತೀನಿ' ಎನ್ನುತ್ತಿದ್ದರೆ ಅವರು ಪಠ್ಯಪುಸ್ತಕದಿಂದ ಇಳಿದು ಬಂದ ಹಾಗೆ 'ಹೋಗುವುದು, ಬರುವುದು' ಎಂದು ಒಂದೊಂದು ಅಕ್ಷರಕ್ಕೂ ಮರ್ಯಾದೆ ಕೊಟ್ಟು ಮಾತಾಡುತ್ತಿದ್ದರು. ನಮ್ಮ ಯಜಮಾನರಿಗೆ ಅವರ ಕನ್ನಡ ಕೇಳುವುದೇ ಒಂದು ಸಂತೋಷ. ಒಮ್ಮೆ ಯಜಮಾನರು ಪೂಜೆಗೆ ಕೂತು ಸಂಕಲ್ಪ ಹೇಳುವುದನ್ನು ಟೀಚರ್ ಬಾಗಿಲಲ್ಲಿ ನಿಂತು ಕೇಳಿದರು. "ಗೋದಾವರಿಯ ದಕ್ಷಿಣ ತೀರದಲ್ಲಿ ಅಂತ ಹೇಳಿದ್ರಲ್ಲ ಸಾರ್, ಇದು ಕ್ರೇಗಿಬರ್ನ್ ಅಲ್ವಾ?" ಎಂದರು. ಯಜಮಾನರು ಅಷ್ಟು ವರ್ಷ ಹೇಳಿಕೊಂಡು ಬಂದಿದ್ದರೂ ಅದರ ಅರ್ಥದ ಕಡೆ ಹೋದವರೇ ಅಲ್ಲ. ಆದರೂ "ಕ್ರೇಗಿಬರ್ನೂ ಗೋದಾವರಿಗೆ ದಕ್ಷಿಣಕ್ಕೇ ಇದೆಯಲ್ಲ ಟೀಚರ್, ಸ್ವಲ್ಪ ದೂರ ಅಷ್ಟೇ" ಎಂದು ಮಾನ ಉಳಿಸಿಕೊಂಡರು.

ಟೀಚರಿಗೆ ಒಂದು ಪ್ರಶ್ನೆ ಇತ್ತು. ಅದನ್ನು ಅವರು ತಮ್ಮ ವಿದ್ಯಾರ್ಥಿಗಳಿಗೆ ಕೇಳಿದ್ದರು, ಪಾದ್ರಿಗಳಿಗೆ ಕೇಳಿದ್ದರು, ಈಗ ನನಗೆ ಕೇಳುತ್ತಿದ್ದರು. "ನೋಡಿ ಡಾಕ್ಟ್ರೇ, ಅಪ್ಪ ಲ್ಯಾಟಿನ್ ಮಾತಾಡಿದ, ಮಗ ಫ್ರೆಂಚ್ ಮಾತಾಡಿದ ಅಂತ ಯಾವ ಮನೆಯಲ್ಲೂ ಆಗ್ಲಿಲ್ಲ. ಎಲ್ಲ ಮನೆಯಲ್ಲೂ ಅಪ್ಪನದೂ ಮಗನದೂ ಒಂದೇ ಭಾಷೆ. ಹಾಗಾದ್ರೆ ಅದು ಬದಲಾದದ್ದು ಎಲ್ಲಿ? ತಾವು ಮಾತಾಡುವುದು ಲ್ಯಾಟಿನ್ ಅಲ್ಲ ಅಂತ ಆ ಜನಕ್ಕೆ ಗೊತ್ತಾದದ್ದು ಯಾವ ದಿನ?"

ಕೇಳಿದಾಗಲೆಲ್ಲ ನನ್ನ ತಲೆ ಗಿರ್ರನೆ ತಿರುಗುತ್ತಿತ್ತು. ನಮ್ಮ ಹಳಗನ್ನಡದ ಪಾಲು ಹಾಲಾಯಿತಲ್ಲ, ಪೂವು ಹೂವಾಯಿತಲ್ಲ, ಆ ದಿನ ಯಾವ ಮನೆಯ ಅಜ್ಜಿ ಯಾವ ಮೊಮ್ಮಗಳನ್ನು "ಹಾಲಂತೆ ಹಾಲು! ಪಾಲು ಅನ್ನೇ" ಎಂದು ಗದರಿದಳೋ. ಆ ಮೊಮ್ಮಗಳು ತಿದ್ದಿಕೊಳ್ಳಲಿಲ್ಲ, ಅದಕ್ಕೇ ನಾವು ಇವತ್ತು ಹಾಲು ಕುಡಿಯುತ್ತಿದ್ದೇವೆ. ಇಷ್ಟು ದೂರ ನಾನು ಬರಬಲ್ಲೆ. ಮುಂದೆ ಟೀಚರ್ ಕೈ ಹಿಡಿಯಬೇಕು.

ಅವರ ಉತ್ತರ ಹೀಗಿತ್ತು. ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ, ಈಗ ಫ್ರಾನ್ಸ್ ಎನ್ನುವ ನೆಲದಲ್ಲಿ, ಚರ್ಚಿನಲ್ಲಿ ಲ್ಯಾಟಿನ್ ಓದುತ್ತಿದ್ದ ಪಾದ್ರಿಗಳು ಅದನ್ನು ತಮ್ಮ ಊರಿನ ಉಚ್ಚಾರದಲ್ಲೇ ಓದುತ್ತಿದ್ದರು. ನಾವು 'ಹೋಗುತ್ತೇನೆ' ಎಂದು ಬರೆದಿದ್ದನ್ನು ನೋಡಿ 'ಹೋಗ್ತೀನಿ' ಎಂದು ಓದಿಕೊಳ್ಳುವುದಿಲ್ಲವೇ, ಹಾಗೆ. ಹಿಂದಿನ ಸಾಲಿನಲ್ಲಿ ಕೂತ ಮುದುಕಿಗೆ ಅಷ್ಟೋ ಇಷ್ಟೋ ತಿಳಿಯುತ್ತಿತ್ತು. ಅಷ್ಟರಲ್ಲಿ ಒಬ್ಬ ದೊಡ್ಡ ಚಕ್ರವರ್ತಿಗೆ ಚಿಂತೆ ಹತ್ತಿತು, ಪಾದ್ರಿಗಳ ಲ್ಯಾಟಿನ್ ಕೆಟ್ಟಿದೆ, ಅಶುದ್ಧ ಪ್ರಾರ್ಥನೆ ದೇವರಿಗೆ ತಲುಪುತ್ತದೋ ಇಲ್ಲವೋ ಎಂದು. ಕಡಲಾಚೆಯ ಇಂಗ್ಲೆಂಡಿನಿಂದ ಪಂಡಿತರನ್ನು ಕರೆಸಿದ. ಅವರಿಗೆ ಲ್ಯಾಟಿನ್ ಮನೆಮಾತಲ್ಲ, ಪುಸ್ತಕದಿಂದ ಕಲಿತದ್ದು. ಹಾಗಾಗಿ ಬರೆದ ಅಕ್ಷರವನ್ನೆಲ್ಲ ಬಿಡಿಬಿಡಿಯಾಗಿ ಉಚ್ಚರಿಸುವುದೇ ಅವರಿಗೆ ಶುದ್ಧ. ಪಾದ್ರಿಗಳೂ ಹಾಗೇ ಕಲಿತರು. ಮುಂದೊಂದು ಭಾನುವಾರ ಅವರು ಶುದ್ಧವಾಗಿ ಓದಿದರು, ಮುದುಕಿಗೆ ಒಂದು ಮಾತೂ ತಿಳಿಯಲಿಲ್ಲ.

"ಸರಿ ಮಾಡ್ಲಿಕ್ಕೆ ಹೋಗಿ ದೂರ ಮಾಡಿದ್ರು," ಎನ್ನುತ್ತಿದ್ದರು ಟೀಚರ್. "ಆಮೇಲೆ ತೂರ್ ಎಂಬ ಊರಲ್ಲಿ ಬಿಷಪರೆಲ್ಲ ಸಭೆ ಸೇರಿ, ಪ್ರವಚನವನ್ನು ಹಳ್ಳಿಯವರ ಮಾತಿಗೆ ತಿರುಗಿಸಿ ಹೇಳಬೇಕು, ಎಲ್ಲರಿಗೂ ಅರ್ಥ ಆಗಬೇಕು ಅಂತ ತೀರ್ಮಾನ ಮಾಡಿದ್ರು. ಪೂಜೆ ಲ್ಯಾಟಿನ್ನಲ್ಲೇ, ಪ್ರವಚನ ಮಾತ್ರ ಜನರದ್ದು."

"ಅಂದ್ರೆ ಫ್ರೆಂಚ್ ಹುಟ್ಟಿದ್ದು ಆವತ್ತು."

"ಇಲ್ಲ ಡಾಕ್ಟ್ರೇ. ಹುಟ್ಟಿ ಎಷ್ಟೋ ಕಾಲ ಆಗಿತ್ತು. ಆವತ್ತು ಆದದ್ದು ನಾಮಕರಣ. ಇದನ್ನು ಒಪ್ಪದ ಪಂಡಿತರೂ ಇದ್ದಾರೆ, ಅದು ಬೇರೆ."

ಈ ಕಥೆಯನ್ನು ಅವರು ತಮ್ಮ ಅಜ್ಜಿಯ ಕಥೆಯಿಂದ ಬೇರೆ ಮಾಡಿ ಹೇಳಿದ್ದು ನನಗೆ ನೆನಪಿಲ್ಲ. ಟೀಚರ್ ಚಿಕ್ಕವರಿದ್ದಾಗ ಅವರೂರ ಚರ್ಚಿನಲ್ಲಿ ಪಾದ್ರಿಗಳು ಜನರಿಗೆ ಬೆನ್ನು ಹಾಕಿ ನಿಂತು ಲ್ಯಾಟಿನ್ನಿನಲ್ಲೇ ಪೂಜೆ ಮಾಡುತ್ತಿದ್ದರು. ಅವರು ಕಾಲೇಜು ಕಲಿಯುವ ಹೊತ್ತಿಗೆ ಅದೆಲ್ಲ ಬದಲಾಗಿ, ಪಾದ್ರಿ ಜನರ ಕಡೆ ತಿರುಗಿ ಕೊಂಕಣಿಯಲ್ಲಿ ಹೇಳತೊಡಗಿದರು. ಮೊಮ್ಮಗಳಿಗೆ ಸಂಭ್ರಮ. ಅಜ್ಜಿ ಮಾತ್ರ ಮನೆಗೆ ಬಂದು, "ನನಗೆ ಎಲ್ಲ ಅರ್ಥ ಆಯ್ತು. ಆದ್ರೆ ದೇವರಿಗೆ ಕೊಂಕಣಿ ಬರ್ತದಾ?" ಎಂದು ಕೇಳಿದರಂತೆ. ಸಾಯುವವರೆಗೂ ಅಜ್ಜಿ ಕೊಂಕಣಿ ಪೂಜೆಯಲ್ಲಿ ತಮ್ಮದೇ ಲ್ಯಾಟಿನ್ ಗೊಣಗುತ್ತಿದ್ದರು. 'ಎತ್ ಕುಂ ಸ್ಪೀರಿತು ತೂವೊ', ಅಂದರೆ 'ನಿಮ್ಮ ಆತ್ಮದ ಜೊತೆಗೂ', ಎನ್ನಬೇಕಾದದ್ದು ಅವರ ಬಾಯಲ್ಲಿ 'ಎತ್ಕುಂಸ್ಪಿರಿ ತೂವು' ಆಗಿ, ಯಾವುದೋ ಮೀನಿನ ಹೆಸರಿನಂತೆ ಕೇಳುತ್ತಿತ್ತು. "ಫ್ರಾನ್ಸಿನಲ್ಲಿ ಹುಟ್ಟಿದ್ರೆ ನನ್ನ ಅಜ್ಜಿಯೇ ಒಂದು ಹೊಸ ಭಾಷೆ," ಎಂದು ಟೀಚರ್ ನಗುತ್ತಿದ್ದರು.

ಅವರು ನಗುವುದನ್ನು ಬಿಟ್ಟದ್ದು ಲಾರೆನ್ಸ್ ಅಂಕಲ್ ತೀರಿಕೊಂಡ ಮೇಲೆ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಅವರು ಮಿತಭಾಷಿ, ಬಲು ಅಚ್ಚುಕಟ್ಟಿನ ಮನುಷ್ಯ. ಹೃದಯ ನಿಂತು ಒಂದು ಬೆಳಗ್ಗೆ ಹೋಗಿಬಿಟ್ಟರು. ವರ್ಷ ತುಂಬುವಾಗ ಕೊಂಕಣಿ ಪಾದ್ರಿಯೊಬ್ಬರು ಬಂದು ಅಲ್ಲಿನ ಚರ್ಚಿನಲ್ಲಿ ಪೂಜೆ ನಡೆಸುವುದೆಂದೂ, ಕೊನೆಯಲ್ಲಿ ಅಲೀಶಾ ಅಜ್ಜನ ಬಗ್ಗೆ ನಾಲ್ಕು ಮಾತು ಆಡುವುದೆಂದೂ ನಿಶ್ಚಯವಾಯಿತು. ಅಲ್ಲಿಂದ ಆ ಮನೆಯಲ್ಲಿ ರಗಳೆ ಶುರು.

ಟೀಚರಿಗೆ ಆ ನಾಲ್ಕು ಮಾತು ಶುದ್ಧ ಕೊಂಕಣಿಯಲ್ಲೇ ಇರಬೇಕು. ತಾವೇ ಬರೆದುಕೊಟ್ಟು, ಸಂಜೆ ಸಂಜೆ ಹುಡುಗಿಯನ್ನು ಕೂರಿಸಿ ಹೇಳಿಸತೊಡಗಿದರು. ಅಲೀಶಾಗೆ ಕೊಂಕಣಿ ಕೇಳಿದರೆ ತಿಳಿಯುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಇಲ್ಲಿನ ಮಕ್ಕಳೆಲ್ಲ ಹಾಗೇ. ಮೂಗಿನ ಸ್ವರ ತಪ್ಪಿದರೆ ಮತ್ತೆ ಹೇಳು, ಲಿಂಗ ತಪ್ಪಿದರೆ ಮತ್ತೆ ಹೇಳು. ವಿನಿತಾ, "ಮಮ್ಮಿ, ಬಿಡಿ. ಇಂಗ್ಲಿಷಲ್ಲಿ ಹೇಳ್ಲಿ. ಜನ ನಗ್ತಾರೆ," ಎಂದಳು. ತಾಯಿ ಮಗಳಿಗೆ ಜೋರು ಮಾತಾಯಿತು. ಕೊನೆಗೊಂದು ಸಂಜೆ ಹುಡುಗಿ ಎದ್ದು ನಿಂತು, "ದಟ್ಸ್ ನಾಟ್ ಆಬ್. ದಟ್ಸ್ ಸಮ್ ಸೇಂಟ್!" ಎಂದಳಂತೆ. ಆಬ್ ಎಂದರೆ ಅವರಲ್ಲಿ ಅಜ್ಜ. ಇದು ನನ್ನ ಅಜ್ಜ ಅಲ್ಲ, ಯಾರೋ ಸಂತ. ಅಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡವಳು ಅಜ್ಜಿಯ ಜೊತೆ ಮಾತೇ ಬಿಟ್ಟಳು.

ಮರುದಿನ ಮಧ್ಯಾಹ್ನ ಟೀಚರ್ ನಮ್ಮ ಮನೆಗೆ ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ.

"ಡಾಕ್ಟ್ರೇ, ಆ ತೂರಿನ ಸಭೆ ಉಂಟಲ್ಲ, ಅಲ್ಲಿ ಒಬ್ಬನಾದ್ರೂ ನನ್ನಂಥವನು ಇದ್ದಿರಬೇಕು. ವ್ಯಾಕರಣ ಚೆನ್ನಾಗಿ ಕಲಿತವನು. ಎಲ್ಲರೂ ಕೈ ಎತ್ತುವಾಗ ಕೈ ಎತ್ತಲಿಕ್ಕೆ ಮನಸ್ಸಿಲ್ಲದವನು. ಅವನು ಎಂತ ಮಾಡಿರಬಹುದು?"

ಬಿಷಪರ ಕಷ್ಟಸುಖ ನನಗೇನು ಗೊತ್ತು? "ಬೇರೆಯವರ ಮುಖ ನೋಡಿಕೊಂಡು ಎತ್ತಿರ್ತಾರೆ," ಎಂದೆ. ನಮ್ಮ ಕನ್ನಡ ಸಂಘದ ಸಭೆಗಳಲ್ಲಿ ನಾನು ಮಾಡುವುದು ಅದನ್ನೇ.

ಟೀಚರ್ ಚಹಾದ ಕಪ್ಪಿಗೆ ಕೈ ಹಾಕಿದರು. "ನನಗೂ ಹಾಗೇ ಕಾಣ್ತದೆ," ಎಂದು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. ಮನೆಗೆ ಹೋಗಿ ಮೊಮ್ಮಗಳ ಬಾಗಿಲಾಚೆ ನಿಂತು, ನಿನಗೆ ಹೇಗೆ ಬರುತ್ತದೋ ಹಾಗೆ ಹೇಳು, ಏನು ಹೇಳುತ್ತೀ ಎಂದು ನಾನು ಮೊದಲೇ ಕೇಳುವುದೂ ಇಲ್ಲ, ಎಂದರಂತೆ. ಇದನ್ನು ವಿನಿತಾ ನನಗೆ ಫೋನಿನಲ್ಲಿ ಹೇಳಿದಳು. "ಆಂಟಿ, ನೀವು ಮಮ್ಮಿಗೆ ಎಂತ ಹೇಳಿದ್ರಿ?" ಎಂದು ಕೇಳಿದಳು. ನಾನು ಏನೂ ಹೇಳಿರಲಿಲ್ಲ. ಹೇಳಿದ್ದರೆ ಬಹುಶಃ ಕೆಲಸ ಕೆಡುತ್ತಿತ್ತು.

ಆ ಭಾನುವಾರ ಟೀಚರ್ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ನನ್ನ ಏಳು-ಕೂರು ಪ್ರಸಂಗ ಆಗಲೇ ಹೇಳಿದ್ದೇನೆ. ಪೂಜೆ ಮುಗಿಯುವ ಹೊತ್ತಿಗೆ ಅಲೀಶಾ ಮುಂದೆ ಬಂದಳು. ಕೈಯಲ್ಲಿ ಕಾಗದವಿರಲಿಲ್ಲ. ಮೈಕಿನ ಮುಂದೆ ನಿಂತು, "ಆಬ್ ಮ್ಹಾಕಾ ಪಿಕ್ ಕರ್ತಾಲೊ," ಎಂದಳು. ಅಜ್ಜ ನನ್ನನ್ನು ಸ್ಕೂಲಿನಿಂದ ಕರೆದುಕೊಂಡು ಬರುತ್ತಿದ್ದರು. ಎರಡು ಬೆಂಚಿನಾಚೆ ಯಾರೋ ಕಿಸಕ್ಕನೆ ನಕ್ಕರು. ವಿನಿತಾ ತಲೆ ತಗ್ಗಿಸಿದಳು. ಹುಡುಗಿ ನಿಲ್ಲಿಸಲಿಲ್ಲ.

ಒಂದು ಮಾತು ಕೊಂಕಣಿ, ಒಂದು ಇಂಗ್ಲಿಷು, ಇಂಗ್ಲಿಷಿಗೆ ಕೊಂಕಣಿಯ ಬಾಲ. ಕಥೆ ಮಾತ್ರ ನೇರವಾಗಿತ್ತು. ಸ್ಕೂಲಿನಿಂದ ಬರುವ ದಾರಿಯಲ್ಲಿ ಶಾಪಿಂಗ್ ಸೆಂಟರಿನ ಹತ್ತಿರ ಅಜ್ಜ ಹಾಟ್ ಚಿಪ್ಸ್ ಕೊಡಿಸುತ್ತಿದ್ದರು. ಅಂಗಡಿಯವನ ಎದುರು ತನಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಟಿಸಿ, ಬೇಕಾದದ್ದನ್ನೆಲ್ಲ ಮೊಮ್ಮಗಳಿಗೆ ಕೊಂಕಣಿಯಲ್ಲಿ ಹೇಳಿ, ಅವಳಿಂದ ಹೇಳಿಸುತ್ತಿದ್ದರು. ಅಂಗಡಿಯವನು ಹೇಳಿದ್ದನ್ನು ಅವಳು ಮತ್ತೆ ಕೊಂಕಣಿ ಮಾಡಿ ಅಜ್ಜನಿಗೆ ಹೇಳಬೇಕು. ಗೊತ್ತಿಲ್ಲದ ಪದ ಬಂದಾಗ ಇಬ್ಬರೂ ಸೇರಿ ಒಂದು ಮಾಡುತ್ತಿದ್ದರು. ಪಾರ್ಕಿಂಗಿನಲ್ಲಿ ಸುತ್ತುಗಟ್ಟಿ ಚಿಪ್ಸ್ ಕಸಿಯುವ ಬಿಳಿಯ ಕಡಲಹಕ್ಕಿಗಳಿಗೆ ಅವರಿಟ್ಟ ಹೆಸರು 'ಚಿಪ್ಸ್ ಕಾವ್ಳೊ', ಚಿಪ್ಸಿನ ಕಾಗೆ.

ಚರ್ಚಿಗೆ ಚರ್ಚೇ ನಕ್ಕಿತು. ಮೊದಲಿನ ನಗುವಲ್ಲ, ಬೇರೆ. ಮಕ್ಕಳು ನಕ್ಕರು, ಅಪ್ಪ ಅಮ್ಮಂದಿರು ನಕ್ಕರು, ಪಾದ್ರಿಗಳೂ ನಕ್ಕರು. ನಾನೂ ನಕ್ಕೆ. ಟೀಚರ್ ನನ್ನ ಮೊಣಕೈ ಹಿಡಿದು, "ಎಂತ ಹೇಳಿದಳು?" ಎಂದು ಪಿಸುಗುಟ್ಟಿದರು.

ಆ ಹಕ್ಕಿಗಳನ್ನು ದಿನಾ ನೋಡಿದ್ದ ನಾನು, ಹುಡುಗಿಯ ಇಂಗ್ಲಿಷಿನ ಆಸರೆಯಲ್ಲಿ ಊಹಿಸಿ, ಅವರ ಕಿವಿಯಲ್ಲಿ ಅರ್ಥ ಹೇಳಿದೆ. ಮೈಸೂರಿನ ನಾನು, ಕೊಂಕಣಿಯ ಗಂಧಗಾಳಿಯಿಲ್ಲದ ನಾನು, ಮಂಗಳೂರಿನ ಐರಿನ್ ಟೀಚರಿಗೆ ಕೊಂಕಣಿ ಬಿಡಿಸಿ ಹೇಳಿದೆ. ಆ ಪದ ಇನ್ನೂ ನನ್ನ ತುಟಿಯ ಮೇಲಿರುವಾಗಲೇ ಇದೇನಾಗಿಹೋಯಿತು ಎಂದು ನನಗೆ ದಿಗಿಲಾಯಿತು.

ಕೊನೆಗೆ ಅಲೀಶಾ ಹೇಳಿದಳು: ಆಬ್ ತೀರಿಕೊಂಡ ಮೇಲೆ ಅವರ ಟೇಬಲ್ಲಿನ ಮೇಲೆ ಇಂಗ್ಲಿಷ್ ಪೇಪರುಗಳ ರಾಶಿ ಇತ್ತು, ಪದಬಂಧವನ್ನೆಲ್ಲ ಇಂಕಿನಲ್ಲಿ ತುಂಬಿಸಿದ್ದರು. ಆಗಲೇ ನನಗೆ ಗೊತ್ತಾದದ್ದು ಅವರಿಗೆ ಇಂಗ್ಲಿಷ್ ಬರುತ್ತಿತ್ತು ಅಂತ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಯಾಕೆ ಹಾಗೆ ಮಾಡಿದರು ಅಂತ ತಿಳಿಯಿತು. "ದೇವ್ ಬರೆಂ ಕರುಂ, ಆಬ್," ಎಂದಳು. ದೇವರು ಒಳ್ಳೆಯದು ಮಾಡಲಿ ಎಂದು ಅರ್ಥ. ಅವರಲ್ಲಿ ಕೃತಜ್ಞತೆ ಹೇಳುವುದು ಹಾಗೆ. ಅದಿಷ್ಟೇ ಶುದ್ಧ ಕೊಂಕಣಿ. ಮೂಗಿನ ಸ್ವರವೂ ಸರಿಯಾಗಿತ್ತು.

ಆಗ ಯಾರೋ ಪೀಠದ ಮೇಲಿನ ಮೇಣದ ಬತ್ತಿಗಳನ್ನು ಒಂದೊಂದಾಗಿ ಆರಿಸಿದರು, ಹೊಗೆ ನಮ್ಮ ಬೆಂಚಿನವರೆಗೆ ಬಂತು. ಜನ ಹುಡುಗಿಯನ್ನು ಮುತ್ತಿಕೊಂಡಿದ್ದರು. ವಿನಿತಾ ಅವಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಟೀಚರ್ ಎದ್ದಿರಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ತುಟಿ ನಗುತ್ತಿತ್ತು. ಯಾವುದನ್ನು ನಂಬಬೇಕೋ ನನಗೆ ತಿಳಿಯಲಿಲ್ಲ.

"ಡಾಕ್ಟ್ರೇ," ಎಂದರು, "ಲಾರೆನ್ಸ್ ಆ ಭಾಷೆ ಮಾತಾಡ್ತಿದ್ರು ಅಂತ ನನಗೆ ಗೊತ್ತೇ ಇರ್ಲಿಲ್ಲ. ನನ್ನ ಹತ್ತಿರ ಯಾವಾಗಲೂ ಸರಿಯಾದ ಕೊಂಕಣಿಯೇ. ತಪ್ಪಿದ್ರೆ ನಾನು ತಿದ್ದುತ್ತೇನೆ ಅಂತ ಇರಬೇಕು."

ನಾನು ಅವರ ಕೈ ಹಿಡಿದುಕೊಂಡೆ.

"ಇಷ್ಟು ವರ್ಷ ನಾನು ಕೇಳಿದ್ದು, ಪಾದ್ರಿ ಹೇಳಿದ್ದು ಜನಕ್ಕೆ ಅರ್ಥ ಆಗದ ಭಾನುವಾರ ಯಾವುದು ಅಂತ. ಜನ ಹೇಳಿದ್ದು ಪಾದ್ರಿಗೆ ಅರ್ಥ ಆಗದ ಭಾನುವಾರವೂ ಒಂದು ಇದ್ದಿರಬೇಕಲ್ವಾ? ಅದನ್ನು ಯಾರೂ ಬರೆದಿಡ್ಲಿಲ್ಲ."

ಇಂಥ ಹೊತ್ತಿನಲ್ಲಿ ಸುಮ್ಮನಿರಬೇಕು. ನಾನು ಸುಮ್ಮನಿರಲಿಲ್ಲ. "ಟೀಚರ್, ಇದು ಸಂತೋಷವಾ, ದುಃಖವಾ? ನಮ್ಮಲ್ಲಿ ಮಗು ಹುಟ್ಟಿದ್ರೆ ಪುರುಡು ಅಂತೀವಿ, ಯಾರಾದ್ರೂ ಸತ್ರೆ ಸೂತಕ ಅಂತೀವಿ. ಎರಡರಲ್ಲೂ ದೇವರ ಮನೆಗೆ ಹೋಗೋ ಹಾಗಿಲ್ಲ. ಹೊರಗಿನಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ," ಎಂದೆ.

ಟೀಚರ್ ಕಣ್ಣೊರೆಸಿಕೊಂಡು ಆಸಕ್ತಿಯಿಂದ ತಿರುಗಿದರು. ಪಾಠ ಮಾಡುವವರು ಎಷ್ಟು ಅತ್ತರೂ ಪಾಠ ಮಾಡುವವರೇ. "ಎರಡೂ ಒಟ್ಟಿಗೇ ಬಂದ್ರೆ?"

ನನಗೆ ಗೊತ್ತಿರಲಿಲ್ಲ. ಆ ವಾರ ಮೈಸೂರಿನ ನನ್ನ ಚಿಕ್ಕಮ್ಮನಿಗೆ ಫೋನು ಮಾಡಿ ಕೇಳಿದೆ. ಶಾಸ್ತ್ರದ ವಿಷಯದಲ್ಲಿ ಆಕೆ ಸುಪ್ರೀಂ ಕೋರ್ಟು. "ಸೂತಕವೇ ದೊಡ್ಡದು ಕಣೇ, ಅದು ಪುರುಡನ್ನ ನುಂಗಿಬಿಡುತ್ತೆ. ಯಾಕೆ, ಯಾರಿಗೇನಾಯ್ತು?" ಎಂದಳು. ಲ್ಯಾಟಿನ್ನಿಗೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ತೀರ್ಪನ್ನು ಟೀಚರಿಗೆ ಒಪ್ಪಿಸಿದೆ. 'ಸ' ಈಗ ಸೀಟಿ ಹೊಡೆಯುತ್ತಿರಲಿಲ್ಲವಾದ್ದರಿಂದ ಅವರ ಉತ್ತರ ಖಡಕ್ಕಾಗಿ ಬಂತು: "ನಿಮ್ಮ ಚಿಕ್ಕಮ್ಮನಿಗೆ ಫ್ರೆಂಚ್ ಬರುವುದಿಲ್ಲ, ಅಲ್ವಾ?"

ಆಮೇಲೆ ಅವರು ಅಲೀಶಾಳಿಂದ ಪಾಠ ಹೇಳಿಸಿಕೊಳ್ಳತೊಡಗಿದರು. ಸಂಜೆ ಇಬ್ಬರೂ ಶಾಪಿಂಗ್ ಸೆಂಟರಿನ ಬೆಂಚಿನಲ್ಲಿ ಕೂತು ಚಿಪ್ಸ್ ತಿನ್ನುವುದನ್ನು ನಾನು ಕ್ಲಿನಿಕ್ಕಿನಿಂದ ಬರುವಾಗ ನೋಡುತ್ತಿದ್ದೆ. ಲಾರೆನ್ಸ್ ಅಂಕಲ್ ಮಾಡಿದ ಪದಗಳನ್ನು ಹುಡುಗಿ ಒಂದೊಂದಾಗಿ ಹೇಳಿಕೊಡುವಳು, ಟೀಚರ್ ಹೇಳುವರು, ಹುಡುಗಿ ತಲೆಯಾಡಿಸಿ ಮತ್ತೆ ಹೇಳಿಸುವಳು. ಆ ಹೊತ್ತಿಗೆ ಅವರನ್ನು ಮಾತಾಡಿಸದೆ ಕಾರು ಮುಂದಕ್ಕೆ ಬಿಡುತ್ತಿದ್ದೆ.

ನಾವು ಸಿಡ್ನಿಗೆ ಬಂದ ಮೇಲೆ ಟೀಚರ್ ಕೆಲವು ವರ್ಷ ಬದುಕಿದ್ದರು. ಎರಡು ಚಳಿಗಾಲದ ಹಿಂದೆ ಹೋದರು. ಸುದ್ದಿ ತಿಳಿದು ನಾನೊಬ್ಬಳೇ ವಿಮಾನ ಹತ್ತಿ ಹೋಗಿದ್ದೆ. ಅಲೀಶಾ ಯೂನಿವರ್ಸಿಟಿ ಮುಗಿಸಿ ಕೆಲಸದಲ್ಲಿದ್ದಳು. ಮಣ್ಣು ಮಾಡಿ ಬಂದು ಚರ್ಚಿನ ಸಭಾಂಗಣದಲ್ಲಿ ಊಟಕ್ಕೆ ಕೂತಾಗ, ಅವಳ ಚಿಕ್ಕಪ್ಪನ ಮಗಳು, ನಾಲ್ಕೈದು ವರ್ಷದ ಪುಟ್ಟಿ, ಕಿಟಕಿಯಾಚೆ ಬೆರಳು ಮಾಡಿ "ಸೀಗಲ್!" ಎಂದಳು. ಅಲೀಶಾ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, "ನೋ, ನೋ. ಸೇ ಇಟ್ ಪ್ರಾಪರ್ಲಿ. ಚಿಪ್ಸ್ ಕಾವ್ಳೊ," ಎಂದಳು. ಪುಟ್ಟಿ ಹೇಳಿದಳು, 'ಳ' ಬರಲಿಲ್ಲ. "ಸರಿಯಾಗಿ ಹೇಳು," ಎಂದು ಅಲೀಶಾ ಮತ್ತೆ ಹೇಳಿಸಿದಳು, ಮತ್ತೆ ಹೇಳಿಸಿದಳು. ಅವಳ ಹುಬ್ಬು ಗಂಟಿಕ್ಕಿದ ರೀತಿ ಥೇಟ್ ಅಜ್ಜಿಯದು.

ನಾನು ತಟ್ಟೆ ಹಿಡಿದು ನೋಡುತ್ತಾ ಕೂತಿದ್ದೆ. ಈ ವಿಷಯವನ್ನು ಕೇಳಬೇಕಾದವರೊಬ್ಬರು ಇದ್ದರು. ಅವರನ್ನೇ ಈಗ ಮಣ್ಣಿನಲ್ಲಿಟ್ಟು ಬಂದಿದ್ದೆವು.

ಇಷ್ಟೆಲ್ಲ ನನ್ನ ತಲೆಯಲ್ಲಿ ಓಡುವಷ್ಟರಲ್ಲಿ ಮಾರ್ಸ್ಡನ್ ಪಾರ್ಕಿನ ಮನೆಯಲ್ಲಿ ಕೇಕು ಹಂಚಿ ಆಗಿತ್ತು. ಸಾನ್ವಿ ಮೂತಿಯೆಲ್ಲ ಕ್ರೀಮು ಮಾಡಿಕೊಂಡು ನನ್ನ ಹತ್ತಿರ ಬಂದು, "ಅಜ್ಜಿ, ನಾನು ಎರಡು ಪೀಸ್ ತಿನ್ನಿದೆ!" ಎಂದಳು. ಅವಳು ಯಾವಾಗಲೂ ಹಾಗೇ. ತಿನ್ನಿದೆ, ಬರಿದೆ, ಕೊಡಿದೆ. ನಾನೂ ಯಾವಾಗಲೂ ಹಾಗೇ. ತಿಂದೆ ಅನ್ನು, ಬಂದೆ ಅನ್ನು, ಕೊಟ್ಟೆ ಅನ್ನು. ಆವತ್ತೂ ಬಾಯಿ ತೆರೆದೆ. ತೆರೆದ ಬಾಯಿಯಿಂದ ಮಾತು ಹೊರಡಲಿಲ್ಲ. ಚಕ್ರವರ್ತಿ ಕರೆಸಿದ ಪಂಡಿತಳೋ, ಕೈ ಎತ್ತಲು ಮನಸ್ಸಿಲ್ಲದ ಬಿಷಪ್ಪಳೋ, ಹಿಂದಿನ ಸಾಲಿನ ಮುದುಕಿಯೋ, ಈ ಕುರ್ಚಿಯಲ್ಲಿ ಕೂತಿರುವ ನಾನು ಯಾರು ಎಂದೇ ಗೊತ್ತಾಗಲಿಲ್ಲ. ಮಗು ಕಾಯುತ್ತಿತ್ತು.

"ಎರಡು ಪೀಸ್ ತಿನ್ನಿದೆಯಾ?" ಎಂದು ಕೇಳಿಬಿಟ್ಟೆ.

ಸಾನ್ವಿ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಏನೋ ಸರಿಹೋಗಲಿಲ್ಲ. "ನೋ ಅಜ್ಜಿ," ಎಂದಳು, ಬಹಳ ಗಂಭೀರವಾಗಿ. "ತಿಂದೆ ನಿನ್ನ ವರ್ಡ್. ತಿನ್ನಿದೆ ನನ್ನ ವರ್ಡ್."

ಮಗ ಅಡಿಗೆಮನೆಯಿಂದ ನಕ್ಕ. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದೆ. ನನ್ನ ಮೊಣಕೈ ಹಿಡಿದು ಎಂತ ಹೇಳಿದಳು ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ನಾನು, ನನಗೂ ಒಂದು ಚೂರು ತಂದುಕೊಡಮ್ಮಾ ಎಂದು ನನಗೆ ಬರುವ ಕನ್ನಡದಲ್ಲಿ, ನಿಧಾನವಾಗಿ, ಬಿಡಿಬಿಡಿಯಾಗಿ ಕೇಳಿದೆ. ಹುಡುಗಿ ಓಡಿಹೋಗಿ ತಟ್ಟೆ ತಂದಳು.

ಸದ್ಯ, ಅವಳಿಗೆ ಅರ್ಥವಾಯಿತು.